ಮೊದಲು ಪ್ಯಾನಲ್ ಬಾಗಿಲು ಮುಚ್ಚಿ

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ಚಳಿ ಹೋದ ಮಾರನೇ ವಾರದಿಂದಲೇ ನನಗೆ ಒಂದೇ ಥರದ ಪತ್ರಗಳು ಬರಲು ಶುರುವಾಗುತ್ತವೆ. ಡ್ರೈವ್ (ಮೋಟಾರಿನ ವೇಗ ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ಸಾಧನ) ಟ್ರಿಪ್ ಆಗುತ್ತಿದೆ, ಅದನ್ನು ಕೂರಿಸಿದ ಕಬ್ಬಿಣದ ಪ್ಯಾನಲ್ ಮುಟ್ಟಿದರೆ ಕೈ ಸುಡುತ್ತದೆ, ಎಸಿ ಹಾಕಿಸಿದರೂ ಸರಿಹೋಗಿಲ್ಲ. ಈ ಸಲ ಪೂರ್ತಿ ಅಂಕಣ ಪ್ಯಾನಲ್ ಎಸಿಗೇ ಬಿಟ್ಟಿದ್ದೇನೆ. ಕಂಟ್ರೋಲ್ ಪ್ಯಾನಲ್‌ನ ಬಾಗಿಲಿಗೋ ಪಕ್ಕದ ಶೀಟಿಗೋ ಕೂರಿಸುವ ಪುಟ್ಟ ಏರ್ ಕಂಡೀಷನರ್ ಅದು. ಮೂವತ್ತು ವರ್ಷ ಕಾರ್ಖಾನೆಗಳಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಮಾಡಿ, ಈಗ ಹುಬ್ಬಳ್ಳಿಯ ಗೋಕುಲ ರಸ್ತೆಯ ಶೆಡ್ಡೊಂದರಲ್ಲಿ ಇದೇ ರಿಪೇರಿ ಮಾಡಿಕೊಂಡಿದ್ದೇನೆ. ಬಂದ ಪತ್ರಗಳಲ್ಲಿ ಐದನ್ನು ಆರಿಸಿದ್ದೇನೆ.

*ನಮ್ಮದು ಅಕ್ಕಿ ಗಿರಣಿ. ಒಂದೇ ಪ್ಯಾನಲ್‌ನಲ್ಲಿ 30 ಕಿಲೋವ್ಯಾಟ್‌ನ ಒಂದು ಡ್ರೈವ್, 15ರ ಇನ್ನೊಂದು ಇವೆ. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಎರಡರ ಮೇಲೆ ದೊಡ್ಡ ಡ್ರೈವ್ ಬಿಸಿಯಾಗಿ ಟ್ರಿಪ್ ಆಗುತ್ತದೆ. ಬಾಗಿಲು ತೆರೆದು ಸ್ಟ್ಯಾಂಡ್ ಫ್ಯಾನ್ ಇಟ್ಟು ಓಡಿಸುತ್ತಿದ್ದೇವೆ. ಎಷ್ಟು ಟನ್ ಎಸಿ ಹಾಕಬೇಕು? ಮನೆಯ ಹಳೇ ವಿಂಡೋ ಎಸಿ ಹಾಕಿದರೆ ನಡೆಯುತ್ತದೆಯೇ?*
— ಗಿರಣಿ ಮಾಲೀಕರು, ಸಿಂಧನೂರು

ಯಜಮಾನರೇ, ಎಸಿ ವಿಷಯ ಆಮೇಲೆ. ಮೊದಲು ಆ ಫ್ಯಾನ್ ತೆಗೆಸಿ.

ಫ್ಯಾನ್ ಗಾಳಿ ಮಾತ್ರ ಹೊಡೆಯುತ್ತಿಲ್ಲ, ನಿಮ್ಮ ಗಿರಣಿಯ ತೌಡನ್ನೂ ಒಳಗೆ ತಳ್ಳುತ್ತಿದೆ. ತೌಡು ಬರೀ ಧೂಳಲ್ಲ, ಅದರಲ್ಲಿ ಎಣ್ಣೆ ಇದೆ. ಡ್ರೈವ್‌ನ ಹಿಂದಿರುವ, ಅದರ ಬಿಸಿ ಹೊರಗೆ ಬಿಡುವ ಅಲ್ಯೂಮಿನಿಯಂ ಹೀಟ್ ಸಿಂಕ್‌ನ ಸಂದಿಗಳಲ್ಲಿ ಅದು ಮೆತ್ತಿಕೊಂಡು ಕೂತರೆ ಊದಿದರೆ ಹೋಗುವುದಿಲ್ಲ. ಪವರ್ ಪೂರ್ತಿ ತೆಗೆಸಿ, ಡ್ರೈವ್ ಮೇಲೆ ಬರೆದಿರುವಷ್ಟು ನಿಮಿಷ ಕಾದು, ಅದರ ಕೂಲಿಂಗ್ ಫ್ಯಾನ್ ಬಿಚ್ಚಿ ಟಾರ್ಚ್ ಹಾಕಿ ನೋಡಲು ಹೇಳಿ. ನಿಮ್ಮ ಭಾಗದಲ್ಲೇ ಒಂದು ಗಿರಣಿಯಲ್ಲಿ ನಾನು ಹೀಗೆ ನೋಡಿದಾಗ ಸಂದಿಗಳು ಕಾಣಲೇ ಇಲ್ಲ. ಹೋಳಿಗೆಗೆ ಹೂರಣ ತುಂಬಿದ ಹಾಗಿತ್ತು. ಅದನ್ನು ಬ್ರಷ್ ಹಾಕಿ ಬಿಡಿಸಿದ ಮೇಲೆ ಆ ಡ್ರೈವ್ ಎಸಿ ಇಲ್ಲದೆಯೇ ಒಂದು ತಿಂಗಳು ಟ್ರಿಪ್ ಆಗಲಿಲ್ಲ.

ಈಗ ಎಸಿ. ಅಂಗಡಿಯವರು ಟನ್ ಲೆಕ್ಕ ಹೇಳುತ್ತಾರೆ, ನೀವು ವ್ಯಾಟ್ ಲೆಕ್ಕ ಕೇಳಿ. ಒಂದು ಟನ್ ಅಂದರೆ ಸುಮಾರು 3500 ವ್ಯಾಟ್. ನಿಮಗೆ ಅಷ್ಟು ಬೇಕಿಲ್ಲ. ಹೇಗೆ ಅಂತ ನೋಡೋಣ. ಡ್ರೈವ್ ತಾನು ಕೊಡುವ ಪವರ್‌ನಲ್ಲಿ ಸುಮಾರು ನೂರಕ್ಕೆ ಮೂರರಷ್ಟನ್ನು ಬಿಸಿಯಾಗಿ ಬಿಡುತ್ತದೆ. 30ಕ್ಕೆ 900 ವ್ಯಾಟ್, 15ಕ್ಕೆ 450. ಟ್ರಾನ್ಸ್‌ಫಾರ್ಮರ್, ಕಂಟ್ಯಾಕ್ಟರ್, ಚಿಲ್ಲರೆ ಸಾಮಾನಿಗೆಲ್ಲ ಸೇರಿ 150 ಇಟ್ಟುಕೊಳ್ಳಿ. ಅಲ್ಲಿಗೆ 1500 ಆಯಿತು.

ಇದು ಒಳಗಿನ ಬಿಸಿ. ಸಿಂಧನೂರಿನ ಬಿಸಿಲೂ ಲೆಕ್ಕಕ್ಕೆ ಬರಬೇಕಲ್ಲ? ತಗಡಿನ ಶೀಟಿನ ಕೆಳಗೆ ಶೆಡ್ ಒಳಗೆ 45 ಡಿಗ್ರಿ ಇದೆ, ನೀವು ಪ್ಯಾನಲ್ ಒಳಗೆ 35 ಬೇಕು ಅನ್ನುತ್ತೀರಿ. ಆಗ ಹೊರಗಿನ ಬಿಸಿ ಶೀಟ್ ಮೂಲಕ ಒಳಗೆ ಬರುತ್ತದೆ. ಪೇಂಟ್ ಮಾಡಿದ ಕಬ್ಬಿಣದ ಶೀಟಿಗೆ ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.5 ವ್ಯಾಟ್ ಹಿಡಿಯುವುದು ವಾಡಿಕೆ. ಎರಡು ಮೀಟರ್ ಎತ್ತರ, 1.2 ಮೀಟರ್ ಅಗಲ, 0.6 ಮೀಟರ್ ಆಳದ ಪ್ಯಾನಲ್ ಗೋಡೆಗೆ ಒರಗಿದ್ದರೆ ಲೆಕ್ಕಕ್ಕೆ ಬರುವ ಮೈ ಸುಮಾರು 6.5 ಚದರ ಮೀಟರ್. ಹತ್ತು ಡಿಗ್ರಿ ವ್ಯತ್ಯಾಸಕ್ಕೆ 360 ವ್ಯಾಟ್ ಹತ್ತಿರ. ಒಟ್ಟು 1860. ಸ್ವಲ್ಪ ಕೈಯಲ್ಲಿರಲಿ ಅಂತ 2000 ವ್ಯಾಟ್‌ದು ತೆಗೆದುಕೊಳ್ಳಿ. ಪ್ಯಾನಲ್ ಅಳತೆ ನೀವು ಬರೆದಿಲ್ಲ, ಅದಕ್ಕೇ ಸಾಮಾನ್ಯ ಅಳತೆ ಹಿಡಿದಿದ್ದೇನೆ. ನಿಮ್ಮದು ಬೇರೆ ಇದ್ದರೆ ಈ 360 ಮಾತ್ರ ಬದಲಾಗುತ್ತದೆ.

ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಎಸಿಯ ನೇಮ್‌ಪ್ಲೇಟ್‌ನಲ್ಲಿ ಎರಡು ಅಂಕಿ ಇರುತ್ತವೆ. ಎಲ್35 ಎಲ್35 ಅಂತ ಒಂದು, ಎಲ್35 ಎಲ್50 ಅಂತ ಇನ್ನೊಂದು. ಎರಡರಲ್ಲೂ ಪ್ಯಾನಲ್ ಒಳಗೆ 35 ಅಂತ ಲೆಕ್ಕ. ಮೊದಲನೆಯದು ಹೊರಗೆ 35 ಡಿಗ್ರಿ ಇದ್ದಾಗ ಕೊಡುವ ತಂಪು, ಎರಡನೆಯದು ಹೊರಗೆ 50 ಇದ್ದಾಗ. ಹೊರಗೆ ಕಾದಷ್ಟೂ ಎಸಿಯ ಶಕ್ತಿ ಇಳಿಯುತ್ತದೆ. ಐದನೇ ಒಂದು ಭಾಗ, ಕೆಲವದರಲ್ಲಿ ಅದಕ್ಕಿಂತ ಜಾಸ್ತಿ. ಮಾರುವವರು ದೊಡ್ಡ ಅಂಕಿ ಹೇಳುತ್ತಾರೆ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯವರು ಎರಡನೇ ಅಂಕಿಯನ್ನೇ ನೋಡಿ.

ಹಾಗಂತ 3500 ವ್ಯಾಟ್‌ದು ಹಾಕಿಬಿಟ್ಟರೆ? ಎರಡು ನಿಮಿಷ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಕಂಪ್ರೆಸರ್ ಸಾಯುವುದೇ ಹೀಗೆ.

ವಿಂಡೋ ಎಸಿ ಬೇಡ. ಅದನ್ನು ಮನುಷ್ಯರು ಮಲಗಲಿ ಅಂತ ಮಾಡಿದ್ದಾರೆ. ಅದರ ತಂಪು ಹೆಚ್ಚೆಂದರೆ 30 ಡಿಗ್ರಿಗೆ ನಿಲ್ಲುತ್ತದೆ, ಅದಕ್ಕಿಂತ ಮೇಲೆ ಸೆಟ್ ಮಾಡಲು ಬರುವುದಿಲ್ಲ. ಅದರೊಳಗೆ ಹೊರಗಿನ ಗಾಳಿ ಮತ್ತು ಒಳಗಿನ ಗಾಳಿ ನಡುವೆ ಗಟ್ಟಿ ಮುಚ್ಚುಗಡೆಯೂ ಇರುವುದಿಲ್ಲ. ಪ್ಯಾನಲ್ ಎಸಿಯಲ್ಲಿ ಇವೆರಡೂ ಬೇರೆ ಬೇರೆ. ಪ್ಯಾನಲ್ ಗಾಳಿ ಪ್ಯಾನಲ್‌ನಲ್ಲೇ ಸುತ್ತುತ್ತದೆ, ತೌಡು ಒಳಗೆ ಬರುವುದೇ ಇಲ್ಲ. ನನ್ನನ್ನು ಕೇಳಿದರೆ ನಿಮಗೆ ತಂಪಿಗಿಂತ ಈ ಮುಚ್ಚುಗಡೆಯೇ ದೊಡ್ಡ ಲಾಭ.

*ಹೊಸ ಪ್ಯಾನಲ್ ಎಸಿ ಬಂದಿದೆ. ಬಾಗಿಲು ನೀವೇ ಕಟ್ ಮಾಡಿಕೊಳ್ಳಿ ಅಂತ ಸಪ್ಲೈ ಮಾಡಿದವರು ಹೇಳಿದ್ದಾರೆ. ಕೂರಿಸುವಾಗ ಏನೇನು ನೋಡಿಕೊಳ್ಳಬೇಕು?*
— ಎಲೆಕ್ಟ್ರೀಷಿಯನ್, ಉದ್ಯಮಬಾಗ, ಬೆಳಗಾವಿ

ತಮ್ಮಾ, ಈ ಪ್ರಶ್ನೆಗೆ ನನ್ನ ಮರ್ಯಾದೆ ಕಳೆದ ಕಥೆಯೇ ಉತ್ತರ.

ಆಗ ನಾನಿನ್ನೂ ನಿನ್ನ ವಯಸ್ಸಿನವನು. ಒಂದು ಫೌಂಡ್ರಿಯಲ್ಲಿ ಭಾನುವಾರ ಶಟ್‌ಡೌನ್ ತೆಗೆದುಕೊಂಡು ಪ್ಯಾನಲ್ ಬಾಗಿಲಿಗೆ ಜಿಗ್‌ಸಾ ಹಾಕಿದೆ. ಬಾಗಿಲು ಬಿಚ್ಚುವುದಕ್ಕೆ ಸೋಮಾರಿತನ. ಒಳಗೆ ಹಳೇ ರಟ್ಟು ಅಡ್ಡ ಹಿಡಿದು, ಸುಮ್ನೆ ಕೊಯ್ದುಬಿಟ್ಟೆ. ಎಸಿ ಕೂರಿಸಿ, ಗುಡಿಸಿ, ಚಹಾ ಕುಡಿದು ಮನೆಗೆ ಹೋದೆ. ಸೋಮವಾರ ಬೆಳಿಗ್ಗೆ ಪವರ್ ಕೊಟ್ಟರು. ಹತ್ತು ನಿಮಿಷಕ್ಕೆ ಪಟ್ ಅಂತ ಒಂದು ಸದ್ದು. ಡ್ರೈವ್ ಮೇಲಿನ ಜಾಲರಿಯಲ್ಲಿ ಉಗುರಿನಷ್ಟು ಉದ್ದದ ಒಂದು ಕಬ್ಬಿಣದ ಸುರುಳಿ ಇಳಿದು ಒಳಗಿನ ಸರ್ಕ್ಯೂಟ್ ಕಾರ್ಡ್ ಮೇಲೆ ಬಿದ್ದಿತ್ತು. ಡ್ರೈವ್ ತಂಪಾಗಿಡಲು ಹೋಗಿ ಡ್ರೈವನ್ನೇ ಸುಟ್ಟವನು ಅಂತ ಆ ಕಾರ್ಖಾನೆಯಲ್ಲಿ ಎರಡು ವರ್ಷ ನನ್ನನ್ನು ಕರೆದರು.

ಆದ್ದರಿಂದ ಬಾಗಿಲು ಬಿಚ್ಚಿ ಹೊರಗೆ ತಂದೇ ಕೊಯ್ಯಿ. ಎಸಿ ಜೊತೆ ಬರುವ ಕಾಗದದ ಅಚ್ಚನ್ನು ಬಾಗಿಲಿಗೆ ಅಂಟಿಸಿ, ಎರಡು ಸಲ ಅಳೆದು, ಮೂಲೆಗಳಲ್ಲಿ ತೂತು ಹೊಡೆದು ಆಮೇಲೆ ಜಿಗ್‌ಸಾ. ಕೊಯ್ದ ಅಂಚನ್ನು ಫೈಲ್ ಹಾಕಿ ನುಣುಪು ಮಾಡಿ ಪ್ರೈಮರ್ ಹಚ್ಚು, ಇಲ್ಲದಿದ್ದರೆ ಮಳೆಗಾಲಕ್ಕೆ ತುಕ್ಕು ಗ್ಯಾಸ್ಕೆಟ್ ಅಡಿಯಿಂದ ಹೊರಡುತ್ತದೆ. ಬಾಗಿಲು ಬಿಚ್ಚಲು ಆಗದ ಪ್ಯಾನಲ್ ಆದರೆ ಒಳಗಿನ ಒಂದೊಂದು ಸಾಮಾನಿಗೂ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕು. ಮುಗಿದ ಮೇಲೆ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದು ತೆಗೆ. ಗಾಳಿ ಊದಿದೆಯೋ, ಚೂರು ನಿನಗೆ ಕಾಣದ ಕಡೆ ಹೋಗಿ ಕೂರುತ್ತದೆ.

ಭಾರ ನೋಡಿಕೋ. ಈ ಎಸಿಗಳು ಮೂವತ್ತು ನಲವತ್ತು ಕಿಲೋ ತೂಗುತ್ತವೆ. ತೆಳು ಬಾಗಿಲು ಎರಡು ಕೀಲಿನ ಮೇಲೆ ನಿಂತಿದ್ದರೆ ಆರು ತಿಂಗಳಿಗೆ ಜೋತುಬಿದ್ದು ಕೆಳಗೆ ಉಜ್ಜುತ್ತದೆ, ಮೇಲೆ ಸಂದು ಬಿಡುತ್ತದೆ. ಆ ಸಂದಿನಲ್ಲೇ ಫೌಂಡ್ರಿಯ ಮರಳು ಒಳಗೆ ಹೋಗುವುದು. ಮೂರನೇ ಕೀಲು ಹಾಕಿಸು, ಇಲ್ಲವೇ ಪಕ್ಕದ ಶೀಟಿಗೆ ಕೂರಿಸು. ಬಾಗಿಲಿಗೂ ಪ್ಯಾನಲ್‌ಗೂ ನಡುವೆ ಅರ್ಥಿಂಗ್ ಜಡೆ (ಹೆಣೆದ ತಾಮ್ರದ ತಂತಿ) ಮರೆಯಬೇಡ.

ಒಳಗಿನ ಗಾಳಿಯ ದಾರಿ ಇನ್ನೊಂದು. ತಣ್ಣನೆ ಗಾಳಿ ಬರುವ ಬಾಯಿಯ ಮುಂದೆ ಕೇಬಲ್ ಡಕ್ಟ್ ಅಡ್ಡ ಇರಬಾರದು. ಡ್ರೈವ್‌ನ ಫ್ಯಾನ್ ಕೆಳಗಿನಿಂದ ಎಳೆದು ಮೇಲೆ ಬಿಡುತ್ತದೆ ಅಲ್ವಾ, ಎಸಿ ಮೇಲಿನಿಂದ ಅದರ ತಲೆಯ ಮೇಲೇ ಊದಿದರೆ ಎರಡೂ ಗಾಳಿ ಗುದ್ದಾಡಿ ಯಾವುದೂ ತಿರುಗುವುದಿಲ್ಲ. ತಣ್ಣನೆ ಗಾಳಿ ಡ್ರೈವ್‌ನ ಬುಡಕ್ಕೆ ಸಿಗಬೇಕು, ಬಿಸಿ ಗಾಳಿಯನ್ನು ಎಸಿ ಮೇಲಿನಿಂದ ಹೀರಬೇಕು. ಹೊರಗಡೆಯೂ ಅಷ್ಟೇ. ಬಿಸಿ ಬಿಡುವ ಬಾಯಿ ಗೋಡೆಗೆ ಮುಖ ಮಾಡಿದ್ದರೆ ಕಡಿಮೆ ಅಂದರೆ ಒಂದು ಗೇಣು ಜಾಗ ಬಿಡು.

ಹಳೇ ಎಕ್ಸಾಸ್ಟ್ ಫ್ಯಾನ್, ಜಾಲರಿ ಎಲ್ಲ ಶೀಟ್ ಹಾಕಿ ಮುಚ್ಚು. ಕೆಳಗಿನ ಗ್ಲ್ಯಾಂಡ್ ಪ್ಲೇಟ್‌ನಲ್ಲಿ ಕೇಬಲ್ ಬಂದ ತೂತು, ಬಾರದ ತೂತು ಎರಡನ್ನೂ ಮುಚ್ಚು. ಒಂದು ಉಪಾಯ ಹೇಳುತ್ತೇನೆ. ಸಂಜೆ ಶೆಡ್ ದೀಪ ಆರಿಸಿ, ಪ್ಯಾನಲ್ ಒಳಗೆ ಒಂದು ಹ್ಯಾಂಡ್ ಲ್ಯಾಂಪ್ ಹಚ್ಚಿಟ್ಟು ಬಾಗಿಲು ಮುಚ್ಚು. ಎಲ್ಲಿ ಬೆಳಕು ಕಾಣುತ್ತದೋ ಅಲ್ಲಿ ಗಾಳಿಯೂ ಹೋಗುತ್ತದೆ. ಇಲಿಯೂ ಹೋಗಬಹುದು.

ಎಸಿಗೆ ಬೇರೆ ಎಂಸಿಬಿ ಇರಲಿ, ಯುಪಿಎಸ್‌ನಿಂದ ಕೊಡಬೇಡ. ಡೋರ್ ಸ್ವಿಚ್ ಹಾಕು, ಬಾಗಿಲು ತೆರೆದರೆ ಎಸಿ ನಿಲ್ಲಬೇಕು. ಟೆಂಪೋದಲ್ಲಿ ಮಲಗಿಸಿ ತಂದಿದ್ದಾರಾ ಅಂತ ಕೇಳು. ಮಲಗಿಸಿದ್ದರೆ ಕಂಪ್ರೆಸರ್‌ನ ಎಣ್ಣೆ ಪೈಪಿಗೆ ಹರಿದಿರುತ್ತದೆ. ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟೇ ಪವರ್ ಕೊಡು. ಸ್ವಿಚ್ ಹಾಕಿದ ತಕ್ಷಣ ಕಂಪ್ರೆಸರ್ ಓಡಲಿಲ್ಲ ಅಂತ ಗಾಬರಿ ಬೇಡ, ಮೂರು ನಿಮಿಷ ತಡೆದು ಶುರುವಾಗುವ ವ್ಯವಸ್ಥೆ ಬಹಳಷ್ಟರಲ್ಲಿ ಇರುತ್ತದೆ.

*ಪ್ಯಾನಲ್ ಎಸಿಯಿಂದ ಒಳಗೆ ನೀರು ತೊಟ್ಟಿಕ್ಕುತ್ತಿದೆ. ಟರ್ಮಿನಲ್‌ಗಳಲ್ಲಿ ಹಸಿರು ಪಾಚಿಯಂಥದ್ದು ಕಟ್ಟಿದೆ. 22ಕ್ಕೆ ಸೆಟ್ ಮಾಡಿದ್ದೇವೆ. ಎಸಿ ಹಾಳಾಗಿದೆಯೇ?*
— ಮೇಂಟೆನೆನ್ಸ್ ಇನ್‌ಚಾರ್ಜ್, ಬೈಕಂಪಾಡಿ, ಮಂಗಳೂರು

ಎಸಿ ಚೆನ್ನಾಗಿದೆ ಸರ್. ತುಂಬಾ ಚೆನ್ನಾಗಿ ಕೆಲಸ ಮಾಡುತ್ತಿರುವುದೇ ತೊಂದರೆ.

ಜುಲೈನಲ್ಲಿ ನಿಮ್ಮ ಕಡೆ ಗಾಳಿ 27 ಡಿಗ್ರಿ, ತೇವಾಂಶ ನೂರಕ್ಕೆ ತೊಂಬತ್ತು ಇದೆ ಅಂದುಕೊಳ್ಳಿ. ಅಂಥ ಗಾಳಿ 25 ಡಿಗ್ರಿಯ ಯಾವ ವಸ್ತುವಿಗೆ ತಾಗಿದರೂ ನೀರಾಗುತ್ತದೆ. ಫ್ರಿಜ್‌ನಿಂದ ತೆಗೆದ ಚೊಂಬು ಬೆವರುತ್ತದಲ್ಲ, ಹಾಗೆ. ನೀವು 22ಕ್ಕೆ ಇಟ್ಟು ಡ್ರೈವ್, ಟರ್ಮಿನಲ್, ತಾಮ್ರದ ಬಸ್‌ಬಾರ್ ಎಲ್ಲವನ್ನೂ ತಣ್ಣನೆ ಚೊಂಬು ಮಾಡಿಟ್ಟಿದ್ದೀರಿ. ಯಾರೋ ಬಂದು ಬಾಗಿಲು ತೆರೆಯುತ್ತಾರೆ, ಎಲ್ಲವೂ ಒಮ್ಮೆಲೇ ಬೆವರುತ್ತವೆ. ಟರ್ಮಿನಲ್ ಮೇಲಿನ ಹಸಿರು ಪಾಚಿಯಲ್ಲ, ತಾಮ್ರದ ಕಿಲುಬು.

35ಕ್ಕೆ ಸೆಟ್ ಮಾಡಿ. ಬಹಳ ಕಂಪನಿಗಳು ಕಾರ್ಖಾನೆಯಿಂದಲೇ 35ಕ್ಕೆ ಇಟ್ಟು ಕಳಿಸುತ್ತವೆ. ನಮ್ಮವರು ಬಂದ ದಿನವೇ ಇಳಿಸುತ್ತಾರೆ. ಬಾಗಿಲು ತೆರೆದಾಗ ಮುಖಕ್ಕೆ ತಣ್ಣಗೆ ಹೊಡೆದರೇ ಸಮಾಧಾನ. ಒಂದು ಕಡೆ ಡ್ರೈವ್ ಪಕ್ಕದಲ್ಲೇ ಮಜ್ಜಿಗೆ ಕ್ಯಾನ್ ಇಟ್ಟಿದ್ದನ್ನು ನೋಡಿದ್ದೇನೆ! ಹತ್ತು ಡಿಗ್ರಿ ಏರಿದರೆ ಕೆಪಾಸಿಟರ್‌ಗಳ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವ ಮಾತು ನಿಜ. ಆದರೆ ಅದು 45, 55ಕ್ಕೆ ಏರುವಾಗ ಹೆದರಬೇಕಾದ ಮಾತು. 35ರಲ್ಲಿ ಡ್ರೈವ್ ಆರಾಮಾಗಿರುತ್ತದೆ.

ಇನ್ನು ನೀರು. ಬಾಗಿಲು, ಗ್ಲ್ಯಾಂಡ್ ಎಲ್ಲ ಗಟ್ಟಿಯಾಗಿದ್ದರೆ ಒಳಗೆ ಸಿಕ್ಕಿಬಿದ್ದ ಗಾಳಿಯ ತೇವ ಮೊದಲ ದಿನ ನೀರಾಗಿ ಹೋಗಿ ಮುಗಿಯುತ್ತದೆ. ಆಮೇಲೆ ಡ್ರೈನ್ ಪೈಪ್ ಒಣಗಿರಬೇಕು. ದಿನಾ ನೀರು ಬರುತ್ತಿದೆ ಅಂದರೆ ದಿನಾ ಹೊರಗಿನ ಗಾಳಿ ಒಳಗೆ ಬರುತ್ತಿದೆ. ನಿಮ್ಮ ಎಸಿ ಪ್ಯಾನಲ್ ಬಿಟ್ಟು ಅರಬ್ಬೀ ಸಮುದ್ರವನ್ನು ಒಣಗಿಸುತ್ತ ಕೂತಿದೆ. ಬಾಗಿಲಿನ ಗ್ಯಾಸ್ಕೆಟ್‌ಗೆ ಒಂದು ಚೂರು ಕಾಗದ ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಿ. ಸುಲಭವಾಗಿ ಬಂದರೆ ಅಲ್ಲಿ ರಬ್ಬರ್ ಸತ್ತಿದೆ.

ನೀರು ಒಳಗೆ ತೊಟ್ಟಿಕ್ಕಲು ಕಾರಣ ಬಹುಶಃ ಡ್ರೈನ್ ಪೈಪ್. ಅದು ಎಸಿಯಿಂದ ಹೊರಟ ಮೇಲೆ ಇಳಿಯುತ್ತಲೇ ಹೋಗಬೇಕು. ನಡುವೆ ಜೋತುಬಿದ್ದು ಮತ್ತೆ ಏರಿದರೆ ಅಲ್ಲಿ ನೀರು ನಿಂತು ದಾರಿ ಕಟ್ಟುತ್ತದೆ. ಪೈಪಿನ ತುದಿಯನ್ನು ಬಕೆಟ್‌ನ ನೀರಿನಲ್ಲಿ ಮುಳುಗಿಸಿಡಬೇಡಿ. ಎರಡು ಎಸಿಯ ಪೈಪ್ ಸೇರಿಸಿ ಒಂದು ಮಾಡಬೇಡಿ. ನಿಮ್ಮಲ್ಲಿ ಉಪ್ಪಿನ ಗಾಳಿ, ಮುಂದಿನ ಸಲ ಕೊಳ್ಳುವಾಗ ಕೋಟಿಂಗ್ ಮಾಡಿದ ಕಂಡೆನ್ಸರ್ (ಬಿಸಿ ಹೊರಗೆ ಬಿಡುವ ಕಾಯಿಲ್) ಕೇಳಿ. ಬರೀ ಅಲ್ಯೂಮಿನಿಯಂ ಪಟ್ಟಿ ಅಲ್ಲಿ ಬೇಗ ಬಿಳಿ ಪುಡಿಯಾಗಿ ಉದುರುತ್ತದೆ.

*ನಮ್ಮ ಸಿಎನ್‌ಸಿ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊಯ್ಯುವ) ಮಷಿನ್‌ನ ಪ್ಯಾನಲ್ ಎಸಿ ಬೆಳಿಗ್ಗೆ ಸರಿಯಾಗಿ ಓಡುತ್ತದೆ, ಮಧ್ಯಾಹ್ನ ಅಲಾರಂ ಕೊಟ್ಟು ನಿಲ್ಲುತ್ತದೆ. ಆರು ತಿಂಗಳಿಗೊಮ್ಮೆ ಗ್ಯಾಸ್ ತುಂಬಿಸುತ್ತಿದ್ದೇವೆ. ಎಷ್ಟು ದಿನಕ್ಕೊಮ್ಮೆ ಸರ್ವಿಸ್ ಮಾಡಿಸಬೇಕು?*
— ಸಣ್ಣ ವರ್ಕ್‌ಶಾಪ್ ನಡೆಸುವವರು, ಪೀಣ್ಯ, ಬೆಂಗಳೂರು

ಬೆಳಿಗ್ಗೆ ಸರಿ, ಮಧ್ಯಾಹ್ನ ಬಂದ್ ಅಂದರೆ ಹತ್ತರಲ್ಲಿ ಒಂಬತ್ತು ಸಲ ಫಿಲ್ಟರ್ ಅಥವಾ ಕಂಡೆನ್ಸರ್ ಕಟ್ಟಿರುತ್ತದೆ. ಬಿಸಿ ಹೊರಗೆ ಹೋಗಲು ದಾರಿ ಇಲ್ಲದೆ ಗ್ಯಾಸಿನ ಪ್ರೆಶರ್ ಏರುತ್ತದೆ, ಹೈ ಪ್ರೆಶರ್ ಸ್ವಿಚ್ ನಿಲ್ಲಿಸುತ್ತದೆ. ಅದನ್ನು ಬೈಪಾಸ್ ಮಾಡಲು ಯಾರಿಗೂ ಬಿಡಬೇಡಿ.

ನಿಮ್ಮಲ್ಲಿ ಧೂಳಿನ ಜೊತೆ, ಲೋಹ ತಣಿಸಲು ಸುರಿಯುವ ಕೂಲಂಟ್‌ನ ಮಂಜೂ ಇರುತ್ತದೆ. ಸ್ಪಂಜಿನ ಫಿಲ್ಟರ್ ಅದನ್ನು ಕುಡಿದು ರಾಗಿ ಮುದ್ದೆಯ ಹಾಗೆ ಆಗುತ್ತದೆ. ಲೋಹದ ಜಾಲರಿ ಫಿಲ್ಟರ್ ಹಾಕಿಸಿ, ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಎಷ್ಟು ದಿನಕ್ಕೊಮ್ಮೆ ಅಂತ ನಾನು ಹೇಳಿದರೆ ತಪ್ಪಾಗುತ್ತದೆ. ಮೊದಲ ತಿಂಗಳು ವಾರಕ್ಕೊಮ್ಮೆ ತೆಗೆದು ನೋಡಿ, ಬೆಳಕಿಗೆ ಹಿಡಿದಾಗ ಆಚೆ ಕಾಣದಿದ್ದರೆ ತಡವಾಗಿದೆ ಅಂತ ಅರ್ಥ. ನಿಮ್ಮ ಮಷಿನ್‌ನ ವಾಯಿದೆ ಅದೇ ಹೇಳುತ್ತದೆ. ಮೂರು ತಿಂಗಳಿಗೊಮ್ಮೆ ಪವರ್ ತೆಗೆದು ಹೊರಗಿನ ಕವರ್ ಬಿಚ್ಚಿ ಕಂಡೆನ್ಸರ್ ಊದಿ. ಗಾಳಿ ಬರುವ ದಿಕ್ಕಿಗೆ ಎದುರಾಗಿ, ಒಳಗಿನಿಂದ ಹೊರಕ್ಕೆ, ಕಡಿಮೆ ಪ್ರೆಶರ್‌ನಲ್ಲಿ. ನಳಿಗೆ ಹತ್ತಿರ ಹಿಡಿದರೆ ಪಟ್ಟಿಗಳು ಮಡಚಿಕೊಳ್ಳುತ್ತವೆ. ಎಣ್ಣೆ ಮೆತ್ತಿದ್ದರೆ ಕಾಯಿಲ್ ಕ್ಲೀನರ್ ಬಳಸಿ, ಪೆಟ್ರೋಲ್ ಮಾತ್ರ ಬೇಡ.

ಗ್ಯಾಸ್ ವಿಷಯಕ್ಕೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಗ್ಯಾಸ್ ಅಂದರೆ ಸ್ಕೂಟರ್‌ನ ಪೆಟ್ರೋಲ್ ಅಲ್ಲ, ಖರ್ಚಾಗುವುದಿಲ್ಲ. ಬೆಸುಗೆ ಹಾಕಿ ಮುಚ್ಚಿದ ಪೈಪಿನಲ್ಲಿ ಅದೇ ಗ್ಯಾಸ್ ಹತ್ತು ವರ್ಷ ತಿರುಗುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ತೂತು ಹುಡುಕದೆ ತುಂಬಿದರೆ ಆರು ತಿಂಗಳಿಗೆ ಮತ್ತೆ ಅದೇ ಬಿಲ್. ಮೊದಲೇ ಕಂಡೆನ್ಸರ್ ಕಟ್ಟಿರುವಾಗ ಗ್ಯಾಸ್ ಜಾಸ್ತಿ ತುಂಬಿದರೆ ಪ್ರೆಶರ್ ಇನ್ನೂ ಏರುತ್ತದೆ, ನಿಮ್ಮ ಮಧ್ಯಾಹ್ನದ ಅಲಾರಂಗೆ ಅದೂ ಕಾರಣ ಇರಬಹುದು. ಎಸಿಯ ನೇಮ್‌ಪ್ಲೇಟ್ ಮೇಲೆ ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಬರೆದಿರುತ್ತದೆ. ಆರ್134ಎ ಅಂತ ಇದ್ದರೆ ಅದೇ ಆಗಬೇಕು, ಬೇರೆಯದು ಬೆರೆಸುವ ಹಾಗಿಲ್ಲ. ಇಷ್ಟು ಚಿಕ್ಕ ಎಸಿಯಲ್ಲಿ ಐವತ್ತು ಗ್ರಾಂ ಹೆಚ್ಚು ಕಡಿಮೆಯಾದರೂ ಗೊತ್ತಾಗುತ್ತದೆ. ಮೆಕ್ಯಾನಿಕ್ ತಕ್ಕಡಿ ತಂದಿದ್ದಾನಾ ನೋಡಿ. ಪೈಪ್ ಮುಟ್ಟಿ ನೋಡಿ "ಸಾಕು ಸರ್" ಅನ್ನುವವನಾದರೆ ಚಹಾ ಕುಡಿಸಿ ಕಳಿಸಿ.

*ಎಸಿ ಇಲ್ಲದೆ ಬರೀ ಫ್ಯಾನ್, ಫಿಲ್ಟರ್‌ನಲ್ಲಿ ನಡೆಸಲು ಆಗುವುದಿಲ್ಲವೇ?*
— ಡಿಪ್ಲೊಮಾ ವಿದ್ಯಾರ್ಥಿನಿ, ಹಾಸನ

ಆಗುತ್ತದಮ್ಮಾ. ಫ್ಯಾನ್ ಹೊರಗಿನ ಗಾಳಿಯನ್ನೇ ಒಳಗೆ ತರುವುದರಿಂದ ಒಳಗಿನ ಬಿಸಿ ಹೊರಗಿನದ್ದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ, ಒಂದೈದು ಡಿಗ್ರಿ ಮೇಲೆಯೇ ನಿಲ್ಲುತ್ತದೆ. ನಿಮ್ಮೂರಿನ ಹವೆಗೆ, ಧೂಳಿಲ್ಲದ ಕೋಣೆಗೆ ಅಷ್ಟು ಸಾಕು. ಕರೆಂಟೂ ಉಳಿಯುತ್ತದೆ. ಅದೇ ಪ್ಯಾನಲ್ ಕಲಬುರಗಿಗೋ ಸಿಮೆಂಟ್ ಕಾರ್ಖಾನೆಗೋ ಹೋದರೆ ಎಸಿಯೇ ಬೇಕು. ನಿಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಥರ್ಮಾಮೀಟರ್ ಇದ್ದರೆ ಒಂದು ಪ್ಯಾನಲ್ ಒಳಗೆ ಮೇಲೊಂದು, ಕೆಳಗೊಂದು ಇಟ್ಟು ಮಧ್ಯಾಹ್ನ ಮೂರಕ್ಕೆ ಓದಿ ನೋಡಿ. ಎರಡರ ನಡುವಿನ ವ್ಯತ್ಯಾಸ ಎಷ್ಟು ಬಂತು ಅಂತ ನನಗೂ ಬರೆದು ತಿಳಿಸಿ.